ಆಮೆನ್ ಅನ್ನದ ಅಜ್ಜಿ

ಮೊಬೈಲು ಇನ್ನೂ ಜನರ ಕಿಸೆ ಸೇರಿರದ ಕಾಲ ಅದು. ಸೊರಬದ ನಮ್ಮ ಕೇರಿಗೆಲ್ಲ ಇದ್ದದ್ದು ಒಂದೇ ಫೋನು, ಮಲ್ಲೇಶಪ್ಪನವರ ಕಿರಾಣಿ ಅಂಗಡಿಯಲ್ಲಿ. ಅಂಗಡಿಯ ಎದುರಿಗೇ ನಮ್ಮ ಪ್ರಾರ್ಥನಾ ಮಂದಿರ. ಮಂದಿರ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಹೆಂಚು ಹೊದಿಸಿದ ಒಂದು ಉದ್ದ ಕೋಣೆ, ತುದಿಯಲ್ಲಿ ಮರದ ಶಿಲುಬೆ, ಕೂರಲು ಚಾಪೆ. ಸಭೆಯ ಕುಟುಂಬಗಳೂ ಬೆರಳೆಣಿಕೆಯಷ್ಟೇ. ಆದರೆ ಹಾಡಲು ನಿಂತರೆ ಹೆಂಚು ಹಾರಿಹೋಗಬೇಕು, ಅಂಥ ಗಂಟಲುಗಳು!

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಮಂಗನ ಕಾಯಿಲೆ ಬಂತು. ಕಾಡಿನಂಚಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ಸಾಕು, ದೊಡ್ಡವರ ಮುಖ ಸಪ್ಪಗಾಗುತ್ತಿತ್ತು. ಕಾಯಿಲೆ ಹರಡುವ ಉಣುಗು ಹುಳ ಕಚ್ಚದಿರಲಿ ಎಂದು ಆರೋಗ್ಯ ಇಲಾಖೆಯವರು ಒಂದು ಎಣ್ಣೆ ಹಂಚಿದ್ದರು. ಅದನ್ನು ಕೈಕಾಲಿಗೆಲ್ಲ ಬಳಿದುಕೊಂಡೇ ದನದ ಕೊಟ್ಟಿಗೆಗೆ ಒಣಗಿದೆಲೆ ತರಲು ಕಾಡಿಗೆ ಹೋಗಬೇಕು. ನನ್ನ ಅಮ್ಮನಿಗೆ ಆ ವಾಸನೆಯೇ ಆಗುತ್ತಿರಲಿಲ್ಲ. "ತಲೆ ಸಿಡೀತದೆ ಮಾರಾಯ್ತಿ" ಎಂದು ಒಂದು ಬೆಳಿಗ್ಗೆ ಹಚ್ಚಿಕೊಳ್ಳದೆ ಹೊರಟಳು. ವಾರ ಕಳೆಯುವುದರೊಳಗೆ ಅವಳ ಮೈ ಕೆಂಡವಾಯಿತು, ಮೂಗಿನಲ್ಲಿ ರಕ್ತ ಇಳಿಯಿತು. ಅಪ್ಪ ಜೀಪು ಮಾಡಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಜೀಪಿನಲ್ಲಿ ಮಲಗಿದ್ದ ಅಮ್ಮ ನನ್ನ ಗುರುತನ್ನೂ ಹಿಡಿಯಲಿಲ್ಲ. ನಾನಾಗ ಮೂರನೇ ಕ್ಲಾಸು.

ಶಿಕಾರಿಪುರ, ಸೊರಬ ಎರಡೂ ಸಭೆಗಳಿಗೆ ಒಬ್ಬರೇ ಸಭಾಪಾಲಕರು. ನಾವು ಅವರನ್ನು ಅಯ್ಯನವರು ಅನ್ನುತ್ತಿದ್ದೆವು. ಅವರು ಸುದ್ದಿ ತಿಳಿದ ಕೂಡಲೇ ಬಸ್ಸು ಹಿಡಿದು ಬಂದು, ಗಂಟೆ ಬಾರಿಸಿ, ಬಂದವರ ಮುಂದೆ ನಿಂತು ಹೇಳಿದ್ದು ಇಷ್ಟೇ: "ಗ್ರೇಸಿ ನಮ್ಮ ಸಭೆ ಮಗಳು. ಅವಳು ಬಾಯಿಗೆ ಅನ್ನ ಇಡೋ ಹಂಗಾಗೋ ತನಕ ನಮಗೂ ಹಗಲು ಊಟ ಬೇಡ."

ಮರುದಿನ ಬೆಳಿಗ್ಗೆಯೇ ಎಲ್ಲರೂ ಬಂದು ಚಾಪೆಯ ಮೇಲೆ ಕೂತರು. ಶಿಕಾರಿಪುರದಿಂದ ಸುಶೀಲತ್ತೆ, ಅಪ್ಪನ ಅಕ್ಕ, ಜೋಳದ ರೊಟ್ಟಿಯ ಗಂಟು ಹೊತ್ತು ಬಂದಳು. "ಉಪವಾಸಕ್ಕೆ ಬರೋಳು ರೊಟ್ಟಿ ಯಾಕೆ ಹೊತ್ತು ತಂದ್ಯೇ?" ಎಂದು ಅಜ್ಜಿ ಕೇಳಿದರೆ, "ಸಂಜೀಕ ನಿಮ್ಮ ನೀರುಗಂಜಿ ಕುಡುದು ನಾ ಬದುಕ್ತೀನೇನಬೇ?" ಎಂದು ತಾಯಿಗೇ ತಿರುಗಿ ಹೇಳಿದಳು. ಆ ದುಃಖದಲ್ಲೂ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

ಸಂಜೆಯ ಗಂಜಿಗೆ ಬಳಸುತ್ತಿದ್ದದ್ದು ಹಿಡಿಯಕ್ಕಿ. ನಮ್ಮ ಸಭೆಯ ಹೆಂಗಸರು ದಿನಾ ಒಲೆಗೆ ಎಸರಿಡುವ ಮುಂಚೆ ಒಂದು ಹಿಡಿ ಅಕ್ಕಿ ದೇವರಿಗೆಂದು ತೆಗೆದಿಟ್ಟು, ಭಾನುವಾರ ತಂದು ಸುರಿಯುತ್ತಿದ್ದರು. ಒಬ್ಬರದು ಕೆಂಪಕ್ಕಿ, ಒಬ್ಬರದು ಸಣ್ಣಕ್ಕಿ, ಇನ್ನೊಬ್ಬರದು ರೇಷನ್ನಿನ ದಪ್ಪಕ್ಕಿ. ಎಲ್ಲ ಕಲಸಿದ ಆ ಗಂಜಿಯಲ್ಲಿ ಒಂದು ಅಗುಳು ಬೆಂದರೆ ಇನ್ನೊಂದು ಬೇಯುತ್ತಿರಲಿಲ್ಲ. ಮೇಲೆ ಮಿಡಿ ಉಪ್ಪಿನಕಾಯಿಯ ರಸ ಬಿದ್ದರೆ, ಆಹಾ, ಅಂಥ ರುಚಿಯನ್ನು ನಾನು ಆಮೇಲೆ ಎಲ್ಲೂ ಉಂಡಿಲ್ಲ. ಮಕ್ಕಳಿಗೆ ಉಪವಾಸವಿರಲಿಲ್ಲ, ಮಧ್ಯಾಹ್ನ ಮಂಡಕ್ಕಿ ಕೊಡುತ್ತಿದ್ದರು. ಉಳಿದವರು ಅದನ್ನು ಮುಕ್ಕುತ್ತ ಹೊರಗೆ ಕಲ್ಲಾಟ ಆಡುತ್ತಿದ್ದರೆ ನಾನು ಅಜ್ಜಿಯ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ.

ಮೊದಲ ದಿನವೇ ಒಂದು ಫಜೀತಿಯಾಯಿತು. ಅಪ್ಪ ಶಿವಮೊಗ್ಗದಿಂದ ಫೋನು ಮಾಡಿ, ಅಮ್ಮನನ್ನು ವಾರ್ಡಿಗೆ ಸೇರಿಸಿದ್ದಾಗಿ ತಿಳಿಸಿದ್ದರು. ಮಲ್ಲೇಶಪ್ಪನವರು ನೇರ ಒಳಗೆ ನುಗ್ಗಿ, ಪ್ರಾರ್ಥನೆಯ ನಡುವೆಯೇ "ಅಜ್ಜೀ, ಫೋನ್ ಬಂದಿತ್ರೀ!" ಎಂದು ಕೂಗಿದರು. ಅವರು ಮಾತಾಡಿದರೆ ಬಸ್‌ಸ್ಟ್ಯಾಂಡಿಗೂ ಕೇಳಬೇಕು. ಸುಶೀಲತ್ತೆಗೆ ಸಿಟ್ಟು ಬಂತು. "ನಿಮ್ಮ ಗುಡ್ಯಾಗ ಪೂಜಿ ನಡೆದಾಗ ನಾವು ಹಿಂಗ ನುಗ್ಗತೀವೇನ್ರೀ? ಆಮೆನ್ ಅನ್ನೋ ತನಕ ತಡಕೋರಿ" ಎಂದುಬಿಟ್ಟಳು. ಪಾಪ, ಅವರು ನಾಲಿಗೆ ಕಚ್ಚಿಕೊಂಡು "ತಪ್ಪಾತು ತಾಯಿ" ಎಂದು ಹಿಂದೆ ಸರಿದರು.

ಮೂರನೆಯ ದಿನ ಮಧ್ಯಾಹ್ನ. ಹೆಂಚು ಕಾದು ಒಳಗೆಲ್ಲ ಧಗೆ. ಬೆವರಿನ ವಾಸನೆ, ಮೈಗೆ ಹಚ್ಚಿದ ಆ ಎಣ್ಣೆಯ ವಾಸನೆ. ಹಿಂದಿನ ದಿನ ಅಪ್ಪನಿಂದ ಫೋನೇ ಬಂದಿರಲಿಲ್ಲ, ಹಾಗಾಗಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪ್ರಾರ್ಥನೆಯ ಸರದಿ ಅಜ್ಜಿಗೆ ಬಂದಿತ್ತು. ಅವಳು ಕಣ್ಣು ಮುಚ್ಚಿ "ಕರ್ತನೇ" ಎಂದು ಶುರು ಮಾಡಿದ್ದಳಷ್ಟೇ. ನಾನು ಕಿಟಕಿಯ ಕಡೆ ನೋಡಿದೆ.

ಮೆಟ್ಟಿಲ ಮೇಲೆ ಮಲ್ಲೇಶಪ್ಪನವರು ಕೂತಿದ್ದರು. ಚಪ್ಪಲಿ ದೂರ ಬಿಟ್ಟಿದ್ದರು. ಹೆಗಲ ಟವೆಲು ತೊಡೆಯ ಮೇಲಿತ್ತು, ತಲೆ ಕೆಳಗಿತ್ತು. ನಮ್ಮ ಕಡೆ ಸಾವಿನ ಮನೆಯ ಅಂಗಳದಲ್ಲಿ ಗಂಡಸರು ಹಾಗೆ ಕೂರುತ್ತಾರೆ.

ಅಜ್ಜಿಯ ಸೆರಗು ಜಗ್ಗಿದೆ. ಅವಳು ಒಂದೇ ಕಣ್ಣು ತೆರೆದು ನನ್ನನ್ನು ನೋಡಿದಳು, ಆಮೇಲೆ ಕಿಟಕಿಯಾಚೆ ನೋಡಿದಳು. ಅವಳ ಮಾತು ಗಕ್ಕನೆ ನಿಂತಿತು. ಮತ್ತೆ ಕಣ್ಣು ಮುಚ್ಚಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, ಮೊದಲಿಗಿಂತ ದೊಡ್ಡ ದನಿಯಲ್ಲಿ ಪ್ರಾರ್ಥನೆ ಮುಂದುವರಿಸಿದಳು.

ಅಜ್ಜಿ ಅವತ್ತು ಯಾರನ್ನು ಬಿಟ್ಟಳು ಹೇಳಿ! ಡಾಕ್ಟರು, ನರ್ಸಮ್ಮಂದಿರು, ಜೀಪು ಓಡಿಸಿದವನು, ದೇಶ ಆಳುವವರು, ಕುಪ್ಪಗಡ್ಡೆಯಲ್ಲಿ ಜ್ವರ ಬಂದ ಮಕ್ಕಳು, ತಾಳಗುಂದದ ತಂಗಿಯ ಮನೆಯ ಗಬ್ಬ ನಿಲ್ಲದ ಎಮ್ಮೆ. ಅದೂ ಮುಗಿದ ಮೇಲೆ ಮಲ್ಲೇಶಪ್ಪನವರ ಮೊಣಕಾಲು ನೋವು. ಅವಳು ಯಾಕೆ ನಿಲ್ಲಿಸುತ್ತಿಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಆಮೆನ್ ಅಂದರೆ ಆ ಮನುಷ್ಯ ಒಳಗೆ ಬರುತ್ತಾನೆ. ಬರುವ ತನಕ ನನ್ನ ಅಮ್ಮ ಇದ್ದಾಳೆ. ನಾನೂ ಮನಸ್ಸಿನಲ್ಲೇ, ನಿಲ್ಲಿಸಬೇಡ ಅಜ್ಜಿ, ನಿಲ್ಲಿಸಬೇಡ ಎಂದು ಬೇಡುತ್ತಿದ್ದೆ. ಬಿಸಿಲು ಕಿಟಕಿಯಿಂದ ಗೋಡೆಗೆ ಹತ್ತಿತು. ಅಜ್ಜಿಯ ಗಂಟಲು ಕಟ್ಟಿ ಬರೀ ಗಾಳಿ ಬರತೊಡಗಿತು.

ಕೊನೆಗೆ ಸುಶೀಲತ್ತೆಗೆ ತಡೆಯಲಾಗಲಿಲ್ಲ. "ಅವ್ವಾ, ದೇವರಿಗೂ ಒಂಚೂರು ಉಸಿರಾಡಾಕ ಬಿಡಬೇ. ಆಮೆನ್!" ಎಂದಳು. ಹಸಿದು ಬೆಂಡಾಗಿದ್ದ ಸಭೆಯೆಲ್ಲ ಒಕ್ಕೊರಲಿನಿಂದ ಆಮೆನ್ ಎಂದಿತು.

ಮಲ್ಲೇಶಪ್ಪನವರು ದಡಬಡನೆ ಎದ್ದು ಬಾಗಿಲಿಗೆ ಬಂದರು. ನಾನು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದೆ.

"ಕಣ್ಣು ಬಿಟ್ಟಾಳಂತ್ರೀ ಗ್ರೇಸಮ್ಮ! ಜ್ವರ ಇಳಿದೈತಂತೆ. ಗಂಜಿ ಬೇಕು ಅಂತ ಕೇಳಿ ಕುಡುದಾಳಂತೆ!"

ಅಜ್ಜಿ ಅಳಲಿಲ್ಲ. ಎದ್ದು ಹೋಗಿ ಅವರ ಭುಜಕ್ಕೆ ಒಂದು ಬಿಗಿದಳು. "ಎಂತಾ ಗಂಡಸು ಮಾರಾಯ ನೀನು! ಇಷ್ಟೊತ್ತು ಬಾಯಿ ಮುಚ್ಕಂಡು ಕೂತಿದ್ಯಲ್ಲ, ಜೀವ ಹೋಗಿತ್ತು ನಂದು!"

"ನಿಮ್ಮ ಮಗಳೇ ಅಂದ್ರಲ್ರೀ, ಆಮೆನ್ ಅನ್ನೋ ತನಕ ತಡಕೋರಿ ಅಂತ" ಎಂದರು ಅವರು, ಅಳುಮುಖ ಮಾಡಿಕೊಂಡು. "ಅದೂ ಅಲ್ದೆ ನನ್ನ ಮೊಣಕಾಲಿಗೇ ಬೇಡ್ಕಂತಿದ್ರಿ. ಹೆಂಗ ಎದ್ದು ಬರ್ಲಿ? ನೀವೆಲ್ಲ ಉಪವಾಸ ಅಂತ ನಾನೂ ಬೆಳಗಿಂದ ಚಾ ಸಹ ಕುಡಿದಿಲ್ರೀ."

ಆಗ ಅಜ್ಜಿ ಅತ್ತಳು. ಎಲ್ಲರೂ ಅತ್ತರು, ನಕ್ಕರು. ಸುಶೀಲತ್ತೆ ಓಡಿಹೋಗಿ ಒಲೆ ಹಚ್ಚಿದಳು. ಮೊದಲ ತಟ್ಟೆ ಗಂಜಿ ಮಲ್ಲೇಶಪ್ಪನವರಿಗೇ. ನಾನು ಅವರ ಪಕ್ಕ ಕೂತು ಹೊಟ್ಟೆ ಬಿರಿಯುವಂತೆ ಉಂಡೆ.

ಈಗ ನಮ್ಮ ಮಂದಿರಕ್ಕೆ ತಾರಸಿ ಬಂದಿದೆ, ಮೈಕು ಬಂದಿದೆ. ಅಜ್ಜಿ, ಸುಶೀಲತ್ತೆ, ಅಯ್ಯನವರು, ಮಲ್ಲೇಶಪ್ಪನವರು, ಯಾರೂ ಇಲ್ಲ. ಯಾರಿಗಾದರೂ ಕಾಯಿಲೆಯಾದರೆ ಸಭೆಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬರುತ್ತದೆ. ಎಲ್ಲರೂ ಕೈಮುಗಿಯುವ ಚಿತ್ರ ಒತ್ತುತ್ತಾರೆ. ನಾನೂ ಒತ್ತಿ ಸಾರಿಗೆ ಒಗ್ಗರಣೆ ಹಾಕಲು ಹೋಗುತ್ತೇನೆ.

ಮುಂದಿನ ವಾರ ಅಮ್ಮನಿಗೆ ಹೃದಯದ ಆಪರೇಷನ್ನು. ನಿನ್ನೆ ಬೆಳಿಗ್ಗೆ ಆ ಬೇಸಿಗೆಯ ಕಥೆಯನ್ನು ಮತ್ತೆ ಹೇಳಿಸಿಕೊಂಡಳು. ಕೇಳಿ ಮುಗಿಸಿ, "ಅಷ್ಟು ಜನ ನಂಗೋಸ್ಕರ ಹಸ್ಕಂಡಿದ್ರು. ನಾನೊಬ್ಳೇ ನೋಡ್ಲಿಲ್ಲ ಕಣೇ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ಯಾರು ಕೂರ್ತಾರೆ?"

"ನಾನಿಲ್ವಾ? ನಾನು ಕೂರ್ತೀನಿ."

"ನಿಂಗೆ ಶುಗರ್ ಐತಲ್ಲೇ" ಎಂದಳು ಅಮ್ಮ. "ಎದ್ದು ಹೋಗಿ ಮೊದ್ಲು ತಿಂಡಿ ತಿನ್ನು, ಮಾತ್ರೆ ತಗಳೋ ಹೊತ್ತಾತು."

ಬೇರೆ ದಾರಿಯಿರಲಿಲ್ಲ. ಅವಳೆದುರೇ ತಟ್ಟೆ ಇಟ್ಟುಕೊಂಡು ತಿಂದೆ.