ಮರದ ಬ್ಯಾಟಿನ ವರ್ಷ

ಆ ಅಕ್ಟೋಬರಿನಲ್ಲಿ ಎಲಾದಿಯೊ ಸಯಾಸ್‌ನಿಗೆ ಒಂದು ಕಡೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಜಗಲಿಯ ತೂಗುಕುರ್ಚಿಯಲ್ಲಿ ಕೂತರೆ ಅವನ ತೂಗಾಟದ ರಭಸಕ್ಕೆ ಕುರ್ಚಿ ಜರುಗುತ್ತ ಜರುಗುತ್ತ ಬಾಗಿಲಿಗೆ ಅಡ್ಡ ಬಂದು ನಿಲ್ಲುತ್ತಿತ್ತು. “ಇನ್ನೊಂಚೂರು ತೂಗು, ಹವಾನಾನೇ ಮುಟ್ಬಿಡ್ತೀಯ,” ಎಂದು ಹೆಂಡತಿ ಮಾಯೆಲಿನ್ ಒಳಗಿನಿಂದ ಗದರುತ್ತಿದ್ದಳು. ಎದ್ದು ಬೀದಿಗಿಳಿದರೆ ಬ್ರೆಡ್ಡಿನ ಸಾಲಿನಲ್ಲಿ ನಿಂತವರು ಬಿಡುತ್ತಿರಲಿಲ್ಲ. “ಈ ಸಲ ಎಷ್ಟು ಹೊಡೀತೀಯ ಗುರು?” ಅವನು ಕೈಯೆತ್ತಿ ನಕ್ಕು ಮುಂದೆ ಹೋಗುತ್ತಿದ್ದ. ಆ ನಗು ಹಲ್ಲಿನಿಂದ ಒಳಕ್ಕೆ ಇಳಿಯುತ್ತಿರಲಿಲ್ಲ.

ನಮ್ಮ ಸಾಂತಾ ಇನೇಸ್‌ನಿಂದ ಪ್ರಾಂತ್ಯದ ಬೇಸ್‌ಬಾಲ್ ತಂಡಕ್ಕೆ ಹೋದವನು ಅವನೊಬ್ಬನೇ. ತಂಡ ಸೇರಿದ ವರ್ಷದಿಂದಲೂ ಅವನದು ನಾಲ್ಕನೇ ಬ್ಯಾಟು. ಮೊದಲು ಬಂದ ಮೂವರು ಹೇಗೋ ಒಂದೊಂದು ಬೇಸ್, ಅಂದರೆ ಓಟದ ದಾರಿಯ ಒಂದೊಂದು ಮೂಲೆ, ಹಿಡಿದು ನಿಂತಿರುತ್ತಾರೆ. ನಾಲ್ಕನೆಯವನು ಬಂದು ಚೆಂಡನ್ನು ಬೇಲಿಯಾಚೆ ಕಳಿಸಿ ಎಲ್ಲರನ್ನೂ ಮನೆ ಮುಟ್ಟಿಸಬೇಕು. ಊಟಕ್ಕೆ ಕೂತಾಗ ಮೂರನೇ ಸಲ ಅನ್ನ ಹಾಕಿಸಿಕೊಳ್ಳುವ ಭಂಡನಿಗೂ ನಾವು ನಾಲ್ಕನೇ ಬ್ಯಾಟು ಅಂತಲೇ ಕರೆಯುವುದು. ಎಲಾದಿಯೊ ಎರಡೂ ಅರ್ಥದಲ್ಲಿ ನಾಲ್ಕನೇ ಬ್ಯಾಟಾಗಿದ್ದ.

ಅವನ ಹೊಡೆತಕ್ಕಿಂತ ಹೊಡೆದ ಮೇಲಿನ ನಡಿಗೆಗೆ ಊರು ಮರುಳಾಗಿತ್ತು. ಚೆಂಡು ಬೇಲಿ ದಾಟದಿದ್ದರೆ ಅದು ವಾಪಸ್ ಬರುವ ಮೊದಲೇ ಓಡಿ ಮೊದಲ ಬೇಸ್ ಮುಟ್ಟಬೇಕು, ಇಲ್ಲದಿದ್ದರೆ ಔಟು; ದಾಟಿದರೆ ಆರಾಮಾಗಿ ನಡೆಯಬಹುದು. ಅಲ್ಯೂಮಿನಿಯಂ ಬ್ಯಾಟು ‘ಟಣ್’ ಅನ್ನುವ ಸದ್ದಿನಲ್ಲೇ ಅವನಿಗೆ ಚೆಂಡಿನ ಭವಿಷ್ಯ ಗೊತ್ತಾಗುತ್ತಿತ್ತು. ತಲೆಯೆತ್ತಿ ಸಹ ನೋಡುತ್ತಿರಲಿಲ್ಲ. ಬ್ಯಾಟನ್ನು ಕೆಳಗಿಟ್ಟು, ಚೆಂಡಿಗೆ ಬೆನ್ನು ತಿರುಗಿಸಿ, ಟೋಪಿ ಸರಿಮಾಡಿಕೊಂಡು, ರಾತ್ರಿ ಊಟ ಮುಗಿಸಿ ಪಾರ್ಕಿಗೆ ಹೊರಟವನ ಹಾಗೆ ಮೊದಲ ಬೇಸಿನ ಕಡೆ ನಡೆಯುತ್ತಿದ್ದ. ಎದುರಾಳಿಗಳು ಹಲ್ಲು ಕಡಿಯುತ್ತಿದ್ದರು. ಮದುವೆಗಳಲ್ಲಿ ಮದುಮಗನ ಗೆಳೆಯರು ಕುಡಿದ ಮೇಲೆ ಈ ನಡಿಗೆಯನ್ನು ನಡೆದು ತೋರಿಸದಿದ್ದರೆ ಮದುವೆಯೇ ಮುಗಿಯುತ್ತಿರಲಿಲ್ಲ.

ಆ ವರ್ಷ ಆಜ್ಞೆ ಬಂತು. ಹೊರದೇಶದ ಪಂದ್ಯಗಳಲ್ಲೆಲ್ಲ ಮರದ ಬ್ಯಾಟೇ ಆಗಿಹೋಗಿದೆ, ಹಾಗಾಗಿ ಬರುವ ಸೀಸನ್ನಿನಿಂದ ನಮ್ಮ ದ್ವೀಪದಲ್ಲೂ ಮರದ್ದೇ. ಅಲ್ಯೂಮಿನಿಯಂ ದಯಾಳು ವಸ್ತು. ಚೆಂಡು ಬುಡಕ್ಕೆ ಬಡಿದರೂ ತುದಿಗೆ ಬಡಿದರೂ ಹೇಗೋ ದಾಟಿಸುತ್ತದೆ. ಮರಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಚೂರು ಆಚೀಚೆ ಆದರೆ ಕೈ ಮೊಣಕೈಯವರೆಗೆ ಜುಮ್ಮೆನ್ನುತ್ತದೆ, ಇಲ್ಲವೇ ಬ್ಯಾಟು ಎರಡು ಹೋಳಾಗಿ ಒಂದು ಹೋಳು ಚೆಂಡಿಗಿಂತ ದೂರ ಹೋಗಿ ಬೀಳುತ್ತದೆ. ಎಲಾದಿಯೊ ಯಾರಿಗೂ ಹೇಳದೆ ಬೆಳಗಿನ ಜಾವ ಊರಿನ ಸಕ್ಕರೆ ಕಾರ್ಖಾನೆಯ ಹಿಂದಿನ ಬಯಲಿಗೆ ಹೋಗಿ ಹೊಡೆದು ನೋಡಿದ್ದ. ಅವನು ಹೊಡೆದ ಚೆಂಡುಗಳು ಕಬ್ಬಿನ ಗದ್ದೆಯನ್ನು ಮುಟ್ಟುವ ಮೊದಲೇ ಸುಸ್ತಾಗಿ ಬೀಳುತ್ತಿದ್ದವು. ಅವನ್ನು ಆರಿಸಿಕೊಂಡು ಬರುವಾಗ, ಈ ಹನ್ನೆರಡು ವರ್ಷ ಹೊಡೆದದ್ದು ತಾನೋ ಆ ಅಲ್ಯೂಮಿನಿಯಂ ಡಬ್ಬವೋ ಎಂಬ ಪ್ರಶ್ನೆ ಅವನನ್ನು ಚುಚ್ಚುತ್ತಿತ್ತು.

ಅಷ್ಟರಲ್ಲಿ ಪ್ರಾಂತ್ಯದ ಕ್ರೀಡಾ ಕಚೇರಿಯವರು ಜೀಪಿನಲ್ಲಿ ಬಂದರು. ಜೊತೆಗೆ ತಂಡದ ಮ್ಯಾನೇಜರ್ ಒಬ್ದುಲಿಯೊ. ಮಾತು ಬಹಳ ನಯವಾಗಿತ್ತು. ಸೀಸನ್ನಿನ ಮೊದಲ ದಿನ ಮೈದಾನದಲ್ಲಿ ಬ್ಯಾಂಡು, ಹೂವು, ಚೌಕಟ್ಟು ಹಾಕಿದ ಪ್ರಶಸ್ತಿಪತ್ರ, ಮೇಲೊಂದು ಎಲೆಕ್ಟ್ರಿಕ್ ಫ್ಯಾನು. ನಮ್ಮ ನಾಲ್ಕನೇ ಬ್ಯಾಟಿಗೆ ಗೌರವದ ಬೀಳ್ಕೊಡುಗೆ. ಭಾನುವಾರ ಕೊನೆಯ ಅಭ್ಯಾಸದ ಪಂದ್ಯ ಇದೆ, ಅದು ಮುಗಿದ ಮೇಲೆ ಒಪ್ಪಿಗೆಯೋ ಇಲ್ಲವೋ ಹೇಳಿದರೆ ಸಾಕು ಎಂದರು. ಒಬ್ದುಲಿಯೊ ಇಡೀ ಹೊತ್ತು ತನ್ನ ಶೂಗಳನ್ನೇ ನೋಡುತ್ತ ಕೂತಿದ್ದ.

ಶನಿವಾರ ಊಟಕ್ಕೆ ಕೂತಾಗ ಮನೆಯಲ್ಲಿ ಅದೇ ಮಾತು. ಮಾಯೆಲಿನ್ ಕಪ್ಪು ಬೀನ್ಸ್ ಕಾಳಿನ ಸಾರು, ಅನ್ನ, ಕರಿದ ಬಾಳೆಕಾಯಿ ಬಡಿಸಿದ್ದಳು. ಎಲಾದಿಯೊ ಅನ್ನವನ್ನು ಕೆದಕುತ್ತ ಕೂತಿದ್ದ.

“ನೋಡಪ್ಪಾ, ನಾಲ್ಕನೇ ಬ್ಯಾಟು ತಟ್ಟೆ ಮುಂದೆ ಔಟಾಗಿ ಕೂತಿದೆ,” ಎಂದಳು ಮಾಯೆಲಿನ್ ತನ್ನ ತಂದೆಗೆ.

ಮುದುಕ ಸೆರಾಪಿಯೊ ಹಳೆಯ ಕಾಲದಲ್ಲಿ ಕಾರ್ಖಾನೆಯ ತಂಡಕ್ಕೆ ಮರದ ಬ್ಯಾಟಿನಲ್ಲೇ ಆಡಿದವನು. ಅಳಿಯನನ್ನು ಕೆಣಕಲು ಹನ್ನೆರಡು ವರ್ಷದಿಂದ ಇಂಥದೊಂದು ಅವಕಾಶಕ್ಕೆ ಕಾದಿದ್ದ.

“ಅಳಿಯಂದ್ರು ಡಬ್ಬ ಬಡಿದು ಬಡಿದು ಹೆಸರು ಮಾಡಿದ್ರು. ಈಗ ಡಬ್ಬ ಕಿತ್ಕೊಂಡ್ರು. ಪಾಪ, ಊಟ ಹೇಗೆ ಸೇರುತ್ತೆ?”

“ಹಾಗಾದ್ರೆ ಮರದಲ್ಲಿ ಹೊಡೆಯೋದು ಹೇಗೆ ಅಂತ ನೀವೇ ಹೇಳ್ಕೊಡಿ ಮಾವ.”

“ನಂಗೇನು ಗೊತ್ತು? ನಂದೂ ಮುರೀತಿತ್ತು. ಮೊಳೆ ಹೊಡೆದು ಟೇಪ್ ಸುತ್ಕೊಂಡು ಮತ್ತೆ ಆಡ್ತಿದ್ದೆ.”

“ಎಷ್ಟು ಸಲ ಬೇಲಿ ದಾಟಿಸಿದ್ರಿ?”

“ಒಂದ್ಸಲ. ಆಮೇಲೆ ನೋಡಿದ್ರೆ ಬೇಲೀನೇ ಬಿದ್ದೋಗಿತ್ತು.”

ಮಾಯೆಲಿನ್ ನಕ್ಕಳು. ಎಲಾದಿಯೊನಿಗೆ ನಗು ಬರಲಿಲ್ಲ. ಆಟ ಬಿಟ್ಟರೆ ಮುಂದೇನು ಎಂಬ ಯೋಚನೆ ಅವನಿಗೆ ಚಳಿ ಹಿಡಿಸಿತ್ತು. ಕಾಗದದ ಮೇಲೆ ಅವನು ಸಕ್ಕರೆ ಕಾರ್ಖಾನೆಯ ರಿಪೇರಿ ಶಾಪಿನ ಮೆಕ್ಯಾನಿಕ್ಕು. ಸಂಬಳ ಅಲ್ಲಿಂದಲೇ ಬರುತ್ತಿತ್ತು, ಆಡಲು ರಜೆಯನ್ನೂ ಅವರೇ ಕೊಡುತ್ತಿದ್ದರು. ಆದರೆ ಆ ಶಾಪಿನಲ್ಲಿ ಕಾಫಿ ಎಲ್ಲಿ ಕಾಯಿಸುತ್ತಾರೆ ಎನ್ನುವುದನ್ನು ಬಿಟ್ಟರೆ ಅವನಿಗೆ ಮತ್ತೇನೂ ತಿಳಿಯದು. ಮೂವತ್ತೈದನೇ ವಯಸ್ಸಿನಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿಯಬೇಕು, ಅದೂ ತನ್ನ ನಡಿಗೆಯನ್ನು ನಡೆದು ತೋರಿಸುತ್ತಿದ್ದವರ ಎದುರಿಗೇ.

ತಂದೆ ಎದ್ದು ಹೋದ ಮೇಲೆ ಮಾಯೆಲಿನ್ ದನಿ ತಗ್ಗಿಸಿದಳು. “ಒಪ್ಕೊಂಡ್ಬಿಡು ಎಲಾದಿಯೊ. ಫ್ಯಾನಿಗೋಸ್ಕರ ಹೇಳ್ತಿಲ್ಲ. ಜನ ಚಪ್ಪಾಳೆ ತಟ್ತಿರುವಾಗ್ಲೇ ಎದ್ದು ಬಂದ್ಬಿಡು. ಅವರು ನಿನ್ನ ನೋಡಿ ನಗೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ.”

“ಒಪ್ಕೊಂಡ್ರೆ ನೆಮ್ಮದಿ ಸಿಗುತ್ತಾ?”

“ಈಗ ಸಿಕ್ಕಿದ್ಯಾ?”

ಎಲಾದಿಯೊ ತಟ್ಟೆ ಸರಿಸಿ ಎದ್ದು ಹೋಗಿ ಮತ್ತೆ ತೂಗುಕುರ್ಚಿಯಲ್ಲಿ ಕೂತ.

ಭಾನುವಾರದ ಪಂದ್ಯ ನಮ್ಮೂರಿನ ಮೈದಾನದಲ್ಲೇ ನಡೆಯಿತು. ತಂಡವನ್ನೇ ಎರಡು ಭಾಗ ಮಾಡಿ ಆಡಿಸುವ ಪಂದ್ಯ, ಆದರೂ ಊರಿಗೆ ಊರೇ ನೆರೆದಿತ್ತು. ಕಾಗದದ ಕೊಳವೆಯಲ್ಲಿ ಕಡಲೆಕಾಯಿ ಮಾರುವವರ ಕೂಗು ಬ್ಯಾಂಡಿನವರ ಡೋಲನ್ನೂ ಮೀರಿಸುತ್ತಿತ್ತು. ಮಾಯೆಲಿನ್ ಬರುವುದಿಲ್ಲ ಎಂದು ಹೇಳಿ ಮನೆಯಲ್ಲೇ ಉಳಿದಳು. ಸೆರಾಪಿಯೊ ಮಾತ್ರ ಮೊದಲ ಸಾಲಿನಲ್ಲೇ ಬಂದು ಕೂತಿದ್ದ.

ಮೊದಲ ಸಲ ಎಲಾದಿಯೊ ಬ್ಯಾಟು ಬೀಸಿದಾಗ ಅದು ಹಿಡಿಕೆಯ ಹತ್ತಿರ ಮುರಿಯಿತು. ಚೆಂಡು ಅದನ್ನು ಎಸೆದ ಪಿಚರ್‌ನ ಕಾಲ ಬಳಿ ಉರುಳಿಕೊಂಡು ಹೋಯಿತು. “ಸೌದೆಗಾಯ್ತು, ಮನೆಗೆ ತಗೊಂಡೋಗು!” ಎಂದು ಯಾರೋ ಕೂಗಿದರು. ಜನ ನಕ್ಕರು, ಆದರೆ ಅದು ಪ್ರೀತಿಯ ನಗುವೇ.

ಎರಡನೇ ಸಲ ಅವನಿಗೆ ಬೇಕಾದ ಚೆಂಡೇ ಬಂತು, ಸೊಂಟದ ಮಟ್ಟಕ್ಕೆ. ಬೀಸಿದ. ಕೈಗೆ ಚೂರೂ ನೋವಾಗಲಿಲ್ಲ. ಮರದಿಂದ ತುಂಬಿದ, ಗಟ್ಟಿಯಾದ ಒಂದು ಸದ್ದು ಹೊರಟಿತು, ಮೈದಾನವೇ ‘ಹೋ’ ಎಂದು ಎದ್ದು ನಿಂತಿತು. ಅಷ್ಟೂ ದಿನದ ತಳಮಳ ಎಲಾದಿಯೊನ ಎದೆಯಿಂದ ಒಂದೇ ಏಟಿಗೆ ಇಳಿದುಹೋಯಿತು. ಅವನು ಬ್ಯಾಟನ್ನು ಕೆಳಗಿಟ್ಟ, ಚೆಂಡಿಗೆ ಬೆನ್ನು ತಿರುಗಿಸಿದ, ಟೋಪಿ ಸರಿಮಾಡಿಕೊಂಡು ನಡೆದ.

ಚೆಂಡು ಬೇಲಿ ದಾಟಲಿಲ್ಲ. ಬೇಲಿಯ ಬುಡಕ್ಕೆ ಬಿದ್ದು ಪುಟಿಯಿತು. ಅಲ್ಲಿ ಕಾಯುತ್ತಿದ್ದ ಎದುರು ತಂಡದ ಹುಡುಗ ಅದನ್ನು ಹಿಡಿದು ಒಳಗೆ ಎಸೆದ, ಒಳಗಿದ್ದವನು ಮೊದಲ ಬೇಸಿಗೆ ಎಸೆದ. ಎಲಾದಿಯೊ ಇನ್ನೂ ಅರ್ಧ ದಾರಿಯಲ್ಲಿದ್ದ, ಜನರತ್ತ ಕೈಬೀಸುತ್ತಿದ್ದ. ಜನ ಯಾಕೆ ಕೂಗುತ್ತಿದ್ದಾರೆ ಎಂದು ಅವನಿಗೆ ತಿಳಿಯಲಿಲ್ಲ. “ಓಡೋ! ಓಡೋ ಮಾರಾಯ!” ಎಂದು ಸೆರಾಪಿಯೊ ಸಾಲಿನಿಂದ ಹಾರಿ ನಿಂತು ಅರಚುತ್ತಿದ್ದ. ಎಲಾದಿಯೊ ಅದನ್ನು ಜೈಕಾರ ಎಂದುಕೊಂಡ. ಮೊದಲ ಬೇಸಿನಲ್ಲಿ ನಿಂತಿದ್ದವನು ಕೈಗವಸಿನಲ್ಲಿದ್ದ ಚೆಂಡನ್ನು ತೋರಿಸಿ, ಸಂಕೋಚದಿಂದ, “ಔಟಾದ್ರಿ ಅಣ್ಣಾ,” ಎಂದ.

ಬೇಲಿಗೆ ಬಡಿಯುವಷ್ಟು ದೂರ ಹೊಡೆದವನು ಮೊದಲ ಬೇಸಿನಲ್ಲೇ ಔಟಾದದ್ದನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ಶುರುವಾಯಿತು ನಗು. ಈ ಸಲ ಅದರಲ್ಲಿ ಪ್ರೀತಿ ಇರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬ ಮೆಟ್ಟಿಲುಗಳ ನಡುವೆ ಎದ್ದು ಟೋಪಿ ಸರಿಮಾಡಿಕೊಳ್ಳುತ್ತ ನಡೆದು ತೋರಿಸಿದ, ಇನ್ನೊಬ್ಬ ಅವನನ್ನು ಔಟ್ ಮಾಡಿದ. ಎಲಾದಿಯೊ ಬೆಂಚಿಗೆ ಬಂದು ತಲೆ ಬಗ್ಗಿಸಿ ಕೂತ. ಕಿವಿ ಬೆಂಕಿಯಾಗಿತ್ತು. ಮಾಯೆಲಿನ್ ಬಾರದೆ ಇದ್ದದ್ದು ಪುಣ್ಯ ಅನ್ನಿಸಿತು.

ಒಬ್ದುಲಿಯೊ ಪಕ್ಕಕ್ಕೆ ಬಂದು ಕೂತ. “ಇನ್ನೊಂದು ಸರದಿ ಇದೆ. ಬೇಕಾದ್ರೆ ಬೇರೆಯವನನ್ನ ಕಳಿಸ್ತೀನಿ. ಇವತ್ತಿಗೆ ಸಾಕು ಮಾಡ್ಕೋ.”

“ಬೇಡ.”

“ಜನ ಇನ್ನೂ ನಗ್ತಿದ್ದಾರೆ ಕಣೋ.”

“ನಗ್ಲಿ. ನಂಗೂ ಕೇಳಿಸ್ತಿದೆ.”

ಮೂರನೇ ಸಲ ಅವನು ಹೊಡೆದದ್ದು ಹೊಡೆತವೇ ಅಲ್ಲ. ಚೆಂಡು ಬ್ಯಾಟಿನ ತುದಿಗೆ ತಾಗಿ ಮೂರನೇ ಬೇಸಿನ ಕಡೆಗೆ ಮುದುಕಿ ಸಂತೆಗೆ ಹೊರಟಂತೆ ಉರುಳುತ್ತ ಹೋಯಿತು. ನಾಲ್ಕನೇ ಬ್ಯಾಟು ನಾಚಿಕೊಳ್ಳಬೇಕಾದ ಹೊಡೆತ. ಆದರೆ ಎಲಾದಿಯೊ ನಾಚಿಕೊಳ್ಳಲು ಪುರಸೊತ್ತು ಮಾಡಿಕೊಳ್ಳಲಿಲ್ಲ, ಬ್ಯಾಟು ಎಲ್ಲಿ ಬಿತ್ತೋ ನೋಡದೆ ಓಡಿದ. ಹೊಟ್ಟೆ ಕುಲುಕಾಡಿತು, ಟೋಪಿ ಹಾರಿಹೋಯಿತು, ತೊಡೆ ಚಳುಕು ಹೊಡೆಯಿತು. ಮೂರನೇ ಬೇಸಿನವನು ಚೆಂಡೆತ್ತಿ ಎಸೆದದ್ದು ಅವನ ಓರೆಗಣ್ಣಿಗೆ ಬಿತ್ತು. ಆಗ ಅವನು ಇಡೀ ಮೈಯನ್ನು ಮುಂದಕ್ಕೆ ಚೆಲ್ಲಿಬಿಟ್ಟ. ಎದೆ ಕೆಂಪು ಮಣ್ಣಿನ ಮೇಲೆ ಜಾರಿತು. ಬಾಯಿ, ಮೂಗು, ಕಣ್ಣು ಎಲ್ಲ ಮಣ್ಣು. ಚಾಚಿದ ಬೆರಳುಗಳು ಬೇಸಿನ ಅಂಚನ್ನು ಮುಟ್ಟಿದವು.

ಅಂಪೈರ್ ಎರಡೂ ಕೈಗಳನ್ನು ಅಗಲಿಸಿದ. ಬಚಾವ್.

“ಮಲಗಿಬಿಟ್ಯಾ ಎಲಾದಿಯೊ? ದಿಂಬು ಕಳಿಸ್ಲಾ?” ಎಂದು ಮೆಟ್ಟಿಲ ಮೇಲಿನಿಂದ ಯಾರೋ ಕೂಗಿದರು. ಮತ್ತೆ ನಗು. ಎಲಾದಿಯೊ ಎದ್ದು ನಿಂತು ಬಾಯಿಯ ಮಣ್ಣನ್ನು ಉಗುಳಿದ. ಅವನಿಗೆ ಸಂತೋಷವಾಗಿತ್ತು. ಇಷ್ಟು ಸಣ್ಣದಕ್ಕೆ ಇಷ್ಟೊಂದು ಸಂತೋಷವೇ ಎಂದು ತುಸು ನಾಚಿಕೆಯೂ ಆಯಿತು. ಬೇಲಿ ದಾಟಿಸಿದ ಯಾವ ದಿನವೂ ಅವನಿಗೆ ಹೀಗೆ ಆಗಿರಲಿಲ್ಲ.

ಪಂದ್ಯ ಮುಗಿದ ಮೇಲೆ ಒಬ್ದುಲಿಯೊ ಅವನನ್ನು ಮೈದಾನದ ಗೋಡೆಯ ನೆರಳಿಗೆ ಕರೆದ.

“ಕಚೇರಿಯವರು ಕಾಯ್ತಿದ್ದಾರೆ. ಏನು ಹೇಳ್ಲಿ?”

“ಹೂವು ಬೇರೆ ಯಾರಿಗಾದ್ರೂ ಆಗುತ್ತೆ ಅಂತ ಹೇಳು. ಫ್ಯಾನೂ ಅಷ್ಟೇ.”

ಒಬ್ದುಲಿಯೊ ನಿಟ್ಟುಸಿರಿಟ್ಟ. “ನಾಲ್ಕನೇ ಜಾಗ ನಿಂಗೆ ಕೊಡಕ್ಕಾಗಲ್ಲ. ಏಳನೇದು ಕೊಡಬಹುದು, ಅದೂ ಮೊದಲ ತಿಂಗಳು ನೋಡಿ.”

ಏಳನೇ ಬ್ಯಾಟು! ಆ ಜಾಗದಲ್ಲಿ ಆಡುವವರ ಹೆಸರು ಅವನಿಗೇ ಸರಿಯಾಗಿ ನೆನಪಿರುತ್ತಿರಲಿಲ್ಲ. ಎಲಾದಿಯೊ ಅಳು ಬರುತ್ತದೇನೋ ಎಂದು ಹೆದರಿ ಜೋರಾಗಿ ಕೆಮ್ಮಿದ.

“ಏಳನೆಯವನೂ ಬ್ಯಾಟ್ ಹಿಡ್ಕೊಂಡೇ ತಾನೇ ಬರೋದು?” ಎಂದ.

ಮನೆಗೆ ಬಂದಾಗ ಸೆರಾಪಿಯೊ ಆಗಲೇ ಮಗಳಿಗೆ ಇಡೀ ಕಥೆಯನ್ನು ಒಗ್ಗರಣೆ ಹಾಕಿ ಹೇಳಿ ಮುಗಿಸಿದ್ದ. ಮಾಯೆಲಿನ್ ಗಂಡನ ಮುಖವನ್ನು ನೋಡಲಿಲ್ಲ. ಅಂಗಿ ಬಿಚ್ಚಿ ಕೊಡು ಎಂದು ಕೈಯೊಡ್ಡಿದಳು. ಹಿತ್ತಲಿನಲ್ಲಿ ಕೂತು ಆ ತಿಂಗಳ ರೇಷನ್ ಪಾಲಿನ ಸೋಪನ್ನು ತಿಕ್ಕತೊಡಗಿದಳು. ಹನ್ನೆರಡು ವರ್ಷದಲ್ಲಿ ಅವನ ಅಂಗಿಗೆ ಬೆವರಲ್ಲದೆ ಬೇರೇನೂ ಅಂಟಿದ್ದಿಲ್ಲ. ಈಗ ಎದೆಯ ಭಾಗವೆಲ್ಲ ಇಟ್ಟಿಗೆಯ ಬಣ್ಣ. ಎಷ್ಟು ತಿಕ್ಕಿದರೂ ನೊರೆಯೇ ಕೆಂಪಾಗುತ್ತಿತ್ತು.

“ಇದು ಹೋಗೋ ಹಾಗೆ ಕಾಣಲ್ಲ,” ಎಂದಳು ಸಿಟ್ಟಿನಿಂದ. ಮತ್ತೆ ಸೋಪು ತಿಕ್ಕುತ್ತ, ಅಂಗಿಯಿಂದ ಕಣ್ಣು ತೆಗೆಯದೆ ಕೇಳಿದಳು: “ಇಡೀ ಸೀಸನ್ ನಂಗೆ ಇದೇ ಗತೀನಾ?”

ಎಲಾದಿಯೊ ಅವಳ ಪಕ್ಕದಲ್ಲಿ, ಬರಿಮೈಯಲ್ಲಿ, ಒದ್ದೆ ನೆಲದ ಮೇಲೇ ಕೂತುಕೊಂಡ.

“ಹಾಗೇ ಆಗ್ಲಿ ಅಂತ ಬೇಡ್ಕೋ,” ಎಂದ.