ಕೊಯ್ಯದೆ ಬಿಟ್ಟ ಟೈರು

ಹೋದ ವಾರ ಚಿತ್ರದುರ್ಗದ ಟೈರಿನ ಅಂಗಡಿಯೊಂದರ ಮುಂದೆ ಕೂತಿದ್ದೆ. ಒಳಗೆ ನನ್ನ ಗಾಡಿಗೆ ಕಂಪ್ಯೂಟರ್ ಹಚ್ಚಿ ಅಲೈನ್‌ಮೆಂಟ್ ನೋಡುತ್ತಿದ್ದರು. ಪಕ್ಕದಲ್ಲೊಬ್ಬ ಚಾಕುವನ್ನು ನೀರಿಗದ್ದಿ, ಸವೆದ ಟೈರೊಂದರ ಪಕ್ಕೆಯನ್ನು ಸೀಳಿದ. ಹೊಸದಾಗಿ ಕೊಯ್ದ ರಬ್ಬರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಹೊಳಲ್ಕೆರೆಯ ಮೇಸ್ತ್ರಿ ನೆನಪಾದರು…

ಮೇಸ್ತ್ರಿಯ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಒಂದು ನೈಲಾನ್ ದಾರ, ನಾಲ್ಕು ಸ್ಪ್ಯಾನರು, ಅಷ್ಟೇ. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ದಾರ ಬಿಗಿದು, ದಾರಕ್ಕೂ ಟೈರಿಗೂ ನಡುವಿನ ಸಂದು ನೋಡಿ ಚಕ್ರ ನೇರ ಮಾಡುತ್ತಿದ್ದರು. ಅದಕ್ಕೂ ಮೊದಲು ಟೈರನ್ನು ಅಂಗೈಯಿಂದ ಒಮ್ಮೆ ಸವರುತ್ತಿದ್ದರು. ಎಲ್ಲಿ ನುಣುಪು, ಎಲ್ಲಿ ಗರಗಸ ಎಂದು ಕೈಗೆ ತಿಳಿದರೆ ಸಾಕು, ಗಾಡಿಯ ಜಾತಕವನ್ನೇ ಹೇಳಿಬಿಡುತ್ತಿದ್ದರು.

ನನ್ನದು ಹಳೇ ಪಿಕಪ್ಪು. ಹೊಸದುರ್ಗದ ತೋಟಗಳಿಂದ ತೆಂಗಿನಕಾಯಿ ಹೇರುವುದು ನನ್ನ ಕಸುಬು. ಪಂಚರ್ ಅಂಗಡಿಗಳಲ್ಲಿ ಟೈರು ಅದಲುಬದಲಾಗದಿರಲಿ ಎಂದು ಕಾದ ಸಲಾಕೆಯಿಂದ ಕಾಯಿಯ ಕಣ್ಣಿನ ಹಾಗೆ ಮೂರು ಚುಕ್ಕೆ ಸುಟ್ಟು ಗುರುತು ಮಾಡಿಕೊಂಡಿದ್ದೆ. ಮುಂದಿನ ಎಡ ಟೈರು ಮಾತ್ರ ಒಳಬದಿಯಲ್ಲೇ ಸವೆಯುತ್ತಿತ್ತು. ಬಾಲ್ ಜಾಯಿಂಟ್ ಸಡಿಲವಾಗಿದೆ, ಬದಲಾಯಿಸು ಎಂದು ಮೇಸ್ತ್ರಿ ಹೇಳಿ ಹೇಳಿ ಸೋತಿದ್ದರು. ನಾನೋ ಮಹಾ ಜಿಪುಣ. ಹೊರಬದಿ ಚೆನ್ನಾಗಿದೆಯಲ್ಲ, ಓಡುವಷ್ಟು ಓಡಲಿ ಎಂದುಕೊಂಡೇ ದಿನ ದೂಡಿದೆ.

ಒಂದು ಬೆಳಿಗ್ಗೆ ಮಗಳನ್ನು ಸಿರಿಗೆರೆಯ ಹಾಸ್ಟೆಲಿಗೆ ಬಿಟ್ಟು, ಹಾಗೇ ಅವರ ಅಂಗಡಿಗೆ ಹೋದೆ. ಟೈರಿನ ಒಳಬದಿಗೆ ಅಂಗೈ ಹಾಕಿದ ಮೇಸ್ತ್ರಿ ಚಟ್ಟನೆ ಹಿಂದಕ್ಕೆಳೆದುಕೊಂಡರು. ಅಂಗೈ ತುಂಬ ರಕ್ತ. ಬಗ್ಗಿ ನೋಡಿದರೆ ರಬ್ಬರು ಪೂರ್ತಿ ಸವೆದು ಒಳಗಿನ ತಂತಿ ಹೊರಗೆ ಬಂದಿತ್ತು.

“ಇದ್ರಾಗೆ ಯಾರ್ನ ಕುಂದ್ರಿಸ್ಕೆಂಡು ಹೋಗಿದ್ದೆ?”

“ಮಗಳ್ನ, ಮೇಸ್ತ್ರಿ.”

ಅವರು ರಕ್ತದ ಅಂಗೈಯನ್ನು ನನ್ನ ಮುಂದೆ ಹಿಡಿದರು. ಅವತ್ತೇ ಬಾಲ್ ಜಾಯಿಂಟು, ಹೊಸ ಟೈರು ಎಲ್ಲ ಹಾಕಿಸಿದೆ.

ತಂತಿ ಕಂಡ ಟೈರನ್ನು ಸೀಳದೆ ಅಂಗಡಿಯಿಂದ ಹೊರಗೆ ಬಿಡುವುದು ಅವರ ಪದ್ಧತಿಯಲ್ಲ. ಅವತ್ತು ಕೈಗೆ ಬಟ್ಟೆ ಸುತ್ತಿಕೊಂಡಿದ್ದರಿಂದ ಚಾಕು ಹಿಡಿಯಲಾಗಲಿಲ್ಲ. “ನೀನೇ ಕೊಯ್ದು ಹಾಕಪ್ಪ. ಹಂಗೇ ಬಿಟ್ರೆ ಯಾವನಾರ ಹಾಕ್ಕೆಂತಾನೆ” ಎಂದರು. ಆಗಲಿ ಎಂದು ತಲೆಯಾಡಿಸಿ ಟೈರನ್ನು ಹಿಂದೆ ಎಸೆದುಕೊಂಡು ಬಂದೆ. ಕೊಯ್ಯಲಿಲ್ಲ. ಇವತ್ತು, ನಾಳೆ ಎನ್ನುತ್ತಿರುವಾಗಲೇ ಪರಿಚಯದ ಕುರಿ ವ್ಯಾಪಾರಿಯೊಬ್ಬ ಸಿಕ್ಕಿದ. ಅವನದೂ ಅಂಥದೇ ಹಳೇ ಪಿಕಪ್ಪು, ಸ್ಟೆಪ್ನಿ ಇಲ್ಲದೆ ಓಡಾಡುತ್ತಿದ್ದ. ಹೊರಬದಿ ನೋಡಿ, ಇರ್ಲಿ ಕೊಡು ಎಂದ. ಕೊಟ್ಟೆ. ಪುಕ್ಕಟೆ ಕೊಟ್ಟೆನೆಂದು ಒಳಗೊಳಗೇ ಬೀಗಿದೆ ಕೂಡ. ಒಳಗೆ ತಂತಿ ಬಂದಿದೆ ಎಂದು ಅವನಿಗೆ ಹೇಳಿದೆನೇ? ಹೇಳಿದ ನೆನಪಿಲ್ಲ…

ತಿಂಗಳೂ ಆಗಿರಲಿಲ್ಲ. ಮೇಸ್ತ್ರಿ ಏನೋ ಸಾಮಾನು ತರಲು ಚಿತ್ರದುರ್ಗಕ್ಕೆ ಹೊರಟವರು, ಬಸ್ಸು ತಡವಾಯಿತೆಂದು ಕುರಿ ಗಾಡಿಗೆ ಕೈ ತೋರಿಸಿ ಹತ್ತಿದ್ದರಂತೆ. ದಾರಿಯಲ್ಲಿ ಮುಂದಿನ ಟೈರು ಸಿಡಿದು ಗಾಡಿ ಮಗುಚಿದೆ ಎಂದು ಫೋನು ಬಂತು. ನಾನು ಹೋಗುವಷ್ಟರಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಸಾಗಿಸಿದ್ದರು. ಗಾಡಿ ಮಗ್ಗುಲಾಗಿ ಬಿದ್ದಿತ್ತು. ಸಿಡಿದ ಟೈರು ರಿಮ್ಮಿನಿಂದ ಜೋತಾಡುತ್ತಿತ್ತು. ಅದರ ಪಕ್ಕೆಯ ಮೇಲೆ ನನ್ನ ಮೂರು ಚುಕ್ಕೆ.

ಸುತ್ತ ಜನ ಮಾತಾಡುತ್ತಿದ್ದರು, ನನಗೊಂದೂ ಕೇಳಿಸಲಿಲ್ಲ. ಎಲ್ಲರ ಚಕ್ರವನ್ನೂ ಮುಟ್ಟಿ ನೋಡುತ್ತಿದ್ದವರು ಅದೊಂದನ್ನು ನೋಡದೆ ಹೇಗೆ ಹತ್ತಿದರು? ವ್ಯಾಪಾರಿಯ ಕೈ ಮುರಿದಿತ್ತು, ಬದುಕಿಕೊಂಡ. ಮೇಸ್ತ್ರಿ ಮೂರನೇ ದಿನ ಹೋಗಿಬಿಟ್ಟರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ಅವರು.

ಯಾರಿಗೂ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಆ ಕಡೆ ಹೋದಾಗಲೆಲ್ಲ ಅವರ ಮನೆಗೆ ನಾಲ್ಕು ಕಾಯಿ ಇಳಿಸಿ ಬರುತ್ತಿದ್ದೆ. ಅವರ ಹೆಂಡತಿ, ನಾನು ಅಕ್ಕ ಎಂದೇ ಕರೆಯುವವರು, ಉಣಿಸದೆ ಒಮ್ಮೆಯೂ ನನ್ನನ್ನು ಕಳಿಸಿದವರಲ್ಲ. ಹೀಗೇ ಆರು ವರ್ಷ ಕಳೆಯಿತು.

ಹೋದ ವಾರ ಆ ಟೈರಿನ ಅಂಗಡಿಯಿಂದ ಊರಿಗೆ ಹೋಗಲಿಲ್ಲ. ನೇರ ಹೊಳಲ್ಕೆರೆಗೆ ಹೋದೆ. ಅಕ್ಕ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ಕೊಯ್ಯದೆ ಬಿಟ್ಟದ್ದು, ಕೊಟ್ಟದ್ದು, ಬಾಯಿ ಮುಚ್ಚಿಕೊಂಡಿದ್ದದ್ದು, ಎಲ್ಲ. ಬೋರಾಡಿ ಅಳುತ್ತಾರೆ, ಇಲ್ಲ ಪೊರಕೆ ಎತ್ತಿಕೊಳ್ಳುತ್ತಾರೆ ಎಂದು ಕಾದೆ. ಕಾಯಿ ಬಿಡಿಸುವ ಕೈ ನಿಲ್ಲಲೇ ಇಲ್ಲ.

“ಗೊತ್ತೈತೆ ಕಣಪ್ಪ. ಬಿದ್ದಾಗ ನಿನ್ನ ಗುರ್ತು ಅವ್ರ ಕಣ್ಣೆದುರ್ಗೇ ಇತ್ತಂತೆ. ಆಸ್ಪತ್ರ್ಯಾಗೆ ಹೇಳಿದ್ರು. ಅವ್ನಿಗೆ ತಿಳಿಸ್ಬ್ಯಾಡ, ಹೆಣ್ಣುಮಗು ಸಾಕೋನು, ಎದೆ ಒಡ್ಕೆಂತಾನೆ ಅಂದ್ರು.”

ಆರು ವರ್ಷ. ಗೊತ್ತಿದ್ದೂ ಬಡಿಸಿದ್ದರು, ಇನ್ನೊಂದು ತುತ್ತು ಉಣ್ಣು ಎಂದಿದ್ದರು. ಕ್ಷಮಿಸಿ ಎಂದು ಕೇಳಬೇಕಾದ ಮನುಷ್ಯ ಮಣ್ಣಾಗಿ ಎಷ್ಟೋ ಕಾಲವಾಗಿದೆ. ಅಕ್ಕ ಮೊರ ಪಕ್ಕಕ್ಕಿಟ್ಟು ಎದ್ದರು.

“ಮುದ್ದೆ ಆಗೈತೆ. ಕೈ ತೊಳ್ಕ, ಬಾ.”