ಮುಳ್ಳು ಇಳಿಯದ ಟಾಯರ್

ಬಿಜ್ಜರಗಿಯ ಹೊಳೆವ್ವ ದಿನಾ ಸೈಕಲ್ ಮೇಲೆ ದ್ರಾಕ್ಷಿ ಶೆಡ್ಡಿನ ಕೆಲಸಕ್ಕೆ ಹೋಗುತ್ತಾಳೆ. ದಾರಿಯುದ್ದಕ್ಕೂ ಜಾಲಿ. ಸಂಜೆ ಅವಳ ಗಂಡ ಗೊಲ್ಲಾಳಪ್ಪ ಗಾಲಿ ತಿರುಗಿಸುತ್ತ, ಬೆರಳಿನಿಂದ ತಡವಿ, ಟಾಯರಿಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದ. ಕಣ್ಣು ಹೋದ ಮೇಲೆ ಅವನಿಗೆ ಉಳಿದಿದ್ದ ಕೆಲಸ ಅದೊಂದೇ.

ಆದರೂ ಪಂಕ್ಚರ್ ತಪ್ಪಲಿಲ್ಲ. ಬೇಸತ್ತ ಅವಳು ತಿಕೋಟಾದ ಅಂಗಡಿಯಲ್ಲಿ ಹಗುರಾದದ್ದು ಬೇಡವೆಂದು, ಮುಳ್ಳು ಒಳಗಿಳಿಯದ ದಪ್ಪ ಟಾಯರನ್ನೇ ಆರಿಸಿ ಹಾಕಿಸಿಕೊಂಡು ಬಂದಳು.

“ಇನ್ನ ನಿಮಗ ಮುಳ್ಳು ಕೀಳೂ ತ್ರಾಸಿಲ್ಲ ನೋಡ್ರಿ,” ಎಂದಳು ಹಿಗ್ಗಿನಿಂದ.

ಅವನು ಎರಡೂ ಗಾಲಿ ತಡವಿದ. “ಹಂಗಾದ್ರ ನಾ ಇನ್ನ ಏನ ಮಾಡ್ಲಿ?”

ಮರುದಿನ ಬರುವಾಗ ಅವಳೇ ಜಾಲಿಯ ಮುಳ್ಳೊಂದನ್ನು ಮುರಿದು ಟಾಯರಿನ ಗೀರುಗಳ ಸಂದಿಯಲ್ಲಿ ಒತ್ತಿ ಸಿಕ್ಕಿಸಿದಳು. ಸಂಜೆ ಅದು ಅವನ ಬೆರಳಿಗೆ ತಾಕಿತು. ದಾರಿಯಲ್ಲಿ ಬಿದ್ದ ಮುಳ್ಳು ಒಣಗಿರುತ್ತದೆ, ಇದು ಹಸಿ. ಯಾರು ಸಿಕ್ಕಿಸಿದ್ದೆಂದು ಅವನಿಗೆ ತಿಳಿಯಿತು.

“ಒಂದ ಸಿಕ್ಕೈತಿ ನೋಡ,” ಎಂದು ಕಿತ್ತು ಅವಳ ಅಂಗೈಯಲ್ಲಿಟ್ಟ.